ಸ್ಥಾವರದ ಬಟ್ಟೆ ತೊಳೆದವಳು

ಮನಗೂಳಿ
೧೨ ಜೂನ್ ೨೦೨೫

ನನ್ನ ಸಾಕ್ಷಿಗೆ,

ಅವ್ವನ ಜೈ ಭೀಮ. ಕೂಸಿನ ಎರಡೂ ಅಂಗಾಲಿಗೆ ನನ್ನ ಮುತ್ತು. ಅಳಿಯ ಪರಶು ಅವರನ್ನು ಕೇಳಿದೆನೆಂದು ಹೇಳು.

ನಿನ್ನ ಮೆಸೇಜು ಸೋಮವಾರ ಬಂತು. ಇಪ್ಪತ್ತೆರಡಕ್ಕೆ ತೊಟ್ಟಿಲು, ಬಾ ಎಂದು ಬರೆದಿದ್ದೀ. ಅದರ ಕೆಳಗೆ ಇನ್ನೊಂದು ಸಾಲಿತ್ತು. "ಮುದ್ದೇಬಿಹಾಳದಿಂದ ಅತ್ತಿ ಮಾವ ಬರ್ತಾರ. ಅವರಿಗೆ ಏನೂ ಗೊತ್ತಿಲ್ಲ. ನಿನ್ನ ಕೆಲಸದ ಮಾತು ತಗೀಬ್ಯಾಡ. ಆಸ್ಪತ್ರ್ಯಾಗ ಇದ್ದೆ ಅಂದ್ರ ಸಾಕು."

ಮೂರು ದಿನ ಉತ್ತರ ಕೊಡಲಿಲ್ಲ. ಸಿಟ್ಟಲ್ಲ, ದಣಿವು. ಫೋನ್ ಮಾಡಿದರೆ ನಾನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಕೂಸು ಅಳುತ್ತದೆ, ನೀನು "ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟುಬಿಡುತ್ತೀ. ಅದಕ್ಕೆ ಈ ಕಾಗದ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಿನ್ನ ಅಪ್ಪ ಧರ್ಮರಾಜ ತೀರಿಕೊಂಡಾಗ ನಿನಗೆ ಐದು ವರ್ಷ. ನಿನ್ನನ್ನು ಅಜ್ಜಿ ಸುಂದರವ್ವನ ಮಡಿಲಿಗೆ ಹಾಕಿ ನಾನು ಗುತ್ತಿಗೆಯ ಗ್ಯಾಂಗಿನ ಜೊತೆ ಘಟ್ಟದ ಕೆಳಗೆ ಹೋದೆ. ಮೊದಲು ಅಣು ಸ್ಥಾವರದ ಕಟ್ಟಡಕ್ಕೆ ಜಲ್ಲಿ ಹೊತ್ತೆ. ಕಟ್ಟಡ ಮುಗಿದ ಮೇಲೆ ಅಲ್ಲಿಯೇ ಬಟ್ಟೆ ತೊಳೆಯುವ ಕೆಲಸ ಸಿಕ್ಕಿತು. ನಿನಗೆ ಮಾತ್ರ ಆಸ್ಪತ್ರೆಯ ಬಟ್ಟೆ ತೊಳೆಯುತ್ತೇನೆ ಎಂದೆ. ಇಂಡಿ ಊರಿನ ಹಾಸ್ಟೆಲ್ಲಿನಲ್ಲಿ ಹುಡುಗಿಯರು ನಿನ್ನನ್ನು ಕರೆಯಲು ಮೊದಲೇ ಜಾತಿ ಹಿಡಿದು ಒಂದು ಹೆಸರು ಇಟ್ಟಿದ್ದರು. ಇನ್ನೊಂದು ಹೆಸರು ನನ್ನಿಂದ ಬೇಡವೆನಿಸಿತು. ಆಮೇಲೆ ನಿನಗೆ ಸಿಂದಗಿಯ ಕಚೇರಿಯಲ್ಲಿ ಕೆಲಸವಾಯಿತು, ಮದುವೆಯಾಯಿತು. ಈಗ ಹೇಳೋಣ, ಆಗ ಹೇಳೋಣ ಎನ್ನುತ್ತ ಇಪ್ಪತ್ತೆರಡು ವರ್ಷ ಹೋಯಿತು. ಏಪ್ರಿಲ್‌ನಲ್ಲಿ ನೀನು ಅದನ್ನು ಯಾರದೋ ಫೋನಿನ ವೀಡಿಯೊದಲ್ಲಿ ನೋಡಬೇಕಾಯಿತು. ಅಷ್ಟು ದಿನ ಮುಚ್ಚಿಟ್ಟದ್ದು ಕೆಟ್ಟದ್ದೇ ಇರಬೇಕೆಂದು ಯಾರಿಗಾದರೂ ಅನಿಸುತ್ತದೆ. ನಿನಗೂ ಅನಿಸಿತು.

ಆ ವೀಡಿಯೊ ಎರಡು ನಿಮಿಷದ್ದು. ಉಳಿದದ್ದು ನಿನಗೆ ಗೊತ್ತಿಲ್ಲ. ಅದನ್ನು ಹೇಳುತ್ತೇನೆ.

ಊರಿನಿಂದ ಪಂಚಾಯತಿ ಮೆಂಬರ ಸಿದ್ದರಾಯ ಫೋನ್ ಮಾಡಿದ್ದ. "ಯಶೋಧವ್ವಾ, ಯಾರೋ ಬಂದು ಹಿನ್ನೀರಿನ ದಂಡಿಗೆ ಜಾಗಾ ನೋಡಿ ಹೋಗ್ಯಾರಂತ. ಅಣು ಸ್ಥಾವರ ಬರತೈತಿ ಅಂತಾರ. ಖರೇನೋ ಸುಳ್ಳೋ ಗೊತ್ತಿಲ್ಲ. ಊರಾಗ ಎರಡು ಪಾರ್ಟಿ ಆಗ್ಯಾವ. ನೀ ಅಂಥಾ ಕಡೆ ಇರಾಕಿ ಅಂತ ನಿನ್ನ ತಮ್ಮ ಶಂಕ್ರೆಪ್ಪ ಹೇಳಿದ. ಬಂದು ಗೊತ್ತಿದ್ದಷ್ಟು ಹೇಳು."

ನನಗೆ ರಜೆ ಹೇಗೂ ಬೇಕಿತ್ತು. ನಿನ್ನ ಮೊದಲ ಬಾಣಂತನ ನಾನು ಮಾಡಬೇಕಿತ್ತು. ವರ್ಷಕ್ಕೊಮ್ಮೆ ಒಂದು ಘಟಕ ನಿಲ್ಲಿಸಿ ರಿಪೇರಿ ಮಾಡುವ ಹೊತ್ತು ಅದು, ಬಟ್ಟೆ ರಾಶಿ ಬೀಳುತ್ತದೆ, ಬಿಡಲಿಲ್ಲ. ಏಪ್ರಿಲ್‌ನಲ್ಲಿ ಮೂರು ದಿನ ಕೊಟ್ಟರು. ಊರಿಗೆ ಹೋಗಿ ನಾಲ್ಕು ಮಾತು ಹೇಳಿ, ಅಲ್ಲಿಂದ ಸಿಂದಗಿಗೆ ಬಂದು ಕೂಸಿನ ಮುಖ ನೋಡಬೇಕೆಂದು ಹೊರಟೆ.

ಪಂಚಾಯತಿ ಕಟ್ಟೆಯ ಮೇಲೆ ನನಗೆ ಖುರ್ಚಿ ಹಾಕಿದ್ದರು. ನಮ್ಮ ಓಣಿಯ ಹೆಂಗಸು ಆ ಕಟ್ಟೆಯ ಮೇಲೆ ಕೂತದ್ದನ್ನು ನಾನಂತೂ ಕಂಡಿಲ್ಲ. ಕೂತೆ. ಮುಂದೆ ನೂರು ಜನ, ಅವರ ಹಿಂದೆ ಬಯಲಿನಾಚೆ ಕಲ್ಲಿದ್ದಲ ಸ್ಥಾವರದ ಚಿಮಣಿ. ಅದನ್ನೇ ತೋರಿಸಿ ಶುರುಮಾಡಿದೆ.

"ಅಣು ಸ್ಥಾವರದಾಗೂ ಇಲ್ಲೂ ಕೆಲಸ ಒಂದ ಐತ್ರಿ. ನೀರು ಕಾಸಿ ಉಗಿ ಮಾಡೂದು, ಉಗಿಯಿಂದ ಚಕ್ರ ತಿರುಗಿಸೂದು. ಚಕ್ರ ತಿರುಗಿದ್ರ ಕರೆಂಟ್. ಒಲಿ ಅಷ್ಟ ಬ್ಯಾರೆ. ಇಲ್ಲಿ ಕಲ್ಲಿದ್ದಲು ಉರೀತೈತಿ. ಅಲ್ಲಿ ಏನೂ ಉರಿಯೂದಿಲ್ಲ. ಯುರೇನಿಯಂ ಅಂತ ಒಂದು ಲೋಹ, ಅದರ ಅಣು ಒಡೀತಾವ. ಒಂದು ಒಡದು ಹಾರಿದ ಚೂರು ಮತ್ತೊಂದನ್ನ ಒಡೀತೈತಿ. ಒಡದಾಗೊಮ್ಮೆ ಕಾವು ಹುಟ್ಟತೈತಿ. ಅದನ್ನ ಹದ್ದಿನಾಗ ಇಡಾಕ ಕಂಬಿ ಇರತಾವ. ಕಂಬಿ ಒಳಗ ಇಳದ್ರ ಒಡೆಯೂದು ನಿಲ್ತೈತಿ."

ಕುರಿ ಕಾಯುವ ಮಾಳಿಂಗ ಎದ್ದು ನಿಂತ. "ಆ ಲೋಹಕ್ಕ ತಾಗಿದ ನೀರ ಉಗಿ ಆಗತೈತೇನು? ಅದ ನೀರು ಹೊಳಿಗೆ ಬಂದ್ರ ನನ್ನ ಕುರಿ ಏನ್ ಕುಡೀಬೇಕು?"

"ಇಲ್ಲಪ್ಪ. ಲೋಹದ ಸುತ್ತ ಹರಿಯೂ ನೀರು ಬ್ಯಾರೆ, ಉಗಿ ಆಗೂ ನೀರು ಬ್ಯಾರೆ. ನಡುವ ಕೊಳವಿ ಐತಿ. ಕಾವು ದಾಟತೈತಿ, ನೀರು ದಾಟಬಾರದು. ದಾಟೈತೋ ಇಲ್ಲೋ ಅಂತ ನೋಡಾಕ ದಿನಾ ಜನ ಅದಾರ. ಹೊಳಿ ನೀರನ್ನೂ ತಗೊಂಡು ನೋಡತಾರ."

ನಮ್ಮ ಕಾಲೇಜು ಹುಡುಗರು ಕೆಲಸ ಸಿಗುತ್ತದೆಂದು ಸ್ಥಾವರದ ಪರ ಇದ್ದರು. ಅವರ ಮುಖ ಅರಳುವಂತೆಯೂ ಹೇಳಿದೆ. ಹದಿನಾರು ಕಿಲೋ ತೂಗುವ ಯುರೇನಿಯಂ ಕಡ್ಡಿಗಳ ಒಂದು ಕಟ್ಟು, ಏಳೆಂಟು ವ್ಯಾಗನ್ ಕಲ್ಲಿದ್ದಲಿನ ಕೆಲಸ ಮಾಡುತ್ತದೆ. ಹೊಗೆಯಿಲ್ಲ. ಬಿಸಿಲು, ಗಾಳಿ ತಮಗೆ ತಿಳಿದಾಗ ಬರುತ್ತವೆ; ಅದು ತಿಂಗಳುಗಟ್ಟಲೆ ಒಂದೇ ಸಮ ನಡೆಯುತ್ತದೆ. ಆದರೆ ದೇಶದಲ್ಲಿ ನೂರು ದೀಪ ಹತ್ತಿದರೆ ಎಪ್ಪತ್ತಕ್ಕಿಂತ ಹೆಚ್ಚು ಕಲ್ಲಿದ್ದಲಿನವು, ಅಣುವಿನವು ಮೂರೇ ಮೂರು ಎಂದಾಗ ಅವರೇ ಮುಖ ಸಣ್ಣ ಮಾಡಿದರು. ಅದನ್ನು ಹೆಚ್ಚಿಸಬೇಕೆಂದೇ ಸರಕಾರ ಜಾಗ ಹುಡುಕುತ್ತಿದೆ ಎಂದು ನಮ್ಮ ಸಾಹೇಬರು ಹೇಳಿದ್ದನ್ನು ಹೇಳಿದೆ.

ಆಗ ನಿವೃತ್ತ ಮಾಸ್ತರ ಸೋಮನಿಂಗ ಸರ್ ಕೇಳಿದರು. "ಕಲ್ಲಿದ್ದಲಿಗೆ ಬೂದಿ ಐತಿ. ಅದರ ಬೂದಿ ಎಲ್ಲಿ ಐತವ್ವಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಐತ್ರಿ ಸರ. ಮುಗದ ಕಟ್ಟಿನ ಕಾವು ಒಮ್ಮೆಲೆ ಆರೂದಿಲ್ಲ. ವರ್ಷಾನುಗಟ್ಟಲೆ ನೀರಾಗ ಮುಳುಗಿಸಿ ಇಡತಾರ. ಆಮ್ಯಾಲೂ ಅದರಾಗ ಉಳಿಯೂದನ್ನ ಸಾವಿರಾರು ವರ್ಷ ಕಾಯಬೇಕಂತ. ಅಷ್ಟು ವರ್ಷ ಯಾರು ಕಾಯತಾರ, ನನಗ ಗೊತ್ತಿಲ್ರಿ."

"ಹಂಗಾರ ಬರಬೇಕೋ ಬ್ಯಾಡೋ? ಒಂದ ಮಾತು ಹೇಳು" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಾ ಅಲ್ಲಿ ಅರಿವಿ ತೊಳಿಯಾಕಿರಿ. ಒಳಗ ಕೆಲಸಾ ಮಾಡಾವರು ಹಾಕೊಂಡ ಅರಿವಿ. ಕಂಡದ್ದು ಹೇಳೇನಿ. ಬೇಕೋ ಬ್ಯಾಡೋ ನಿಮ್ಮ ಜಮೀನು, ನೀವ ಹೇಳ್ರಿ."

ನೀನು ನೋಡಿದ ವೀಡಿಯೊ ಇದೇ ಜಾಗದ್ದು. ಒಂದು ಪಾರ್ಟಿಯವರು ನಾನು ಸ್ಥಾವರದವರ ಕಡೆಯವಳು ಎಂದರು. ಇನ್ನೊಂದು ಪಾರ್ಟಿಯವರು, ಬರುವ ಕೆಲಸಕ್ಕೆ ಕಲ್ಲು ಹಾಕಿದಳು ಎಂದರು. ನಿಜ ಹೇಳಿದರೆ ಎರಡೂ ಕಡೆಯವರಿಗೆ ಬೇಡವಾಗುತ್ತೇವೆಂದು ಆವತ್ತು ತಿಳಿಯಿತು.

ಆಮೇಲೆ ಸಿದ್ದರಾಯ ಮನೆಗೆ ಚಹಾಕ್ಕೆ ಕರೆದ. ನಡುಮನೆಯಲ್ಲೇ ಕೂರಿಸಿದ, ಅವನಿಗೆ ಹಿಂದಿನ ಜಾತಿಭೇದವೇನೂ ಮನಸ್ಸಿನಲ್ಲಿಲ್ಲ, ಅದು ನನಗೆ ಗೊತ್ತು. ಅವನ ಹೆಂಡತಿ ರೇವವ್ವ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ತಂದಳು. ನನಗೆ ಕಾಗದದ ಕಪ್ಪಿನಲ್ಲಿ. ನನ್ನ ಅವ್ವನಿಗೆ ಇದೇ ಊರಿನ ಹೋಟೆಲಿನಲ್ಲಿ ಹೊರಗಿನ ಗೋಡೆಗೆ ಸಿಕ್ಕಿಸಿಟ್ಟ ಕಪ್ಪು ಇತ್ತು. ನಾನು ಕಪ್ಪನ್ನೇ ನೋಡುತ್ತಿದ್ದುದನ್ನು ರೇವವ್ವ ಕಂಡಳು. ಅವಳ ಕಣ್ಣಲ್ಲಿ ನೀರಾಡಿತು.

"ತಪ್ಪ ತಿಳ್ಕೋಬ್ಯಾಡ ಯಶೋಧಾ. ಖರೇನ ಆ ಮಾತಲ್ಲ. ಸೊಸಿ ಸುರೇಖಾ ಬಸುರದಾಳ. ಆ ಸ್ಥಾವರದ ವಿಷ ಅಂಟತೈತಂತ."

ಚಹಾ ಕುಡಿದೆ. ಚಲೋ ಇತ್ತು.

ಮರುದಿನ ಸಿಂದಗಿಗೆ ಬಂದೆ. ವೀಡಿಯೊ ನನಗಿಂತ ಮೊದಲೇ ನಿನ್ನನ್ನು ಮುಟ್ಟಿತ್ತು. ಅಲ್ಲಿ ಆದದ್ದು ನಿನಗೆ ಗೊತ್ತು, ಆದರೂ ನನ್ನ ಕಣ್ಣಿಂದ ಒಮ್ಮೆ ನೋಡು. ಬಾಗಿಲಲ್ಲೇ ನೀನು "ಅವ್ವಾ, ಮೊದಲ ಜಳಕಾ ಮಾಡು" ಎಂದೆ. ಮಾಡಿದೆ. ಸೀರೆಯನ್ನು ಹಿತ್ತಿಲಲ್ಲಿ ಬೇರೆ ಬಕೆಟ್ಟಿನಲ್ಲಿ ನೆನೆ ಹಾಕು ಎಂದೆ. ಹಾಕಿದೆ. ಕೂಸು ಮಲಗಿದೆ ಎಂದೆ. ಕಾದೆ. ಒಳಗೆ ಅದು ಎಚ್ಚರವಾಗಿ ಕಾಲು ಬಡಿಯುವ ಸದ್ದು ಕೇಳುತ್ತಿತ್ತು. ನೀನು ಬಾಗಿಲು ಮುಂದೆ ಮಾಡಿದೆ. ನಾನುಂಡ ತಾಟು, ಲೋಟ ಹಿತ್ತಿಲ ಕಲ್ಲಿನ ಮೇಲೆ ಬೇರೆಯಾಗಿ ಬಿದ್ದಿದ್ದವು. ಅವನ್ನು ನಾನೇ ತೊಳೆದು ಬೋರಲು ಹಾಕಿದೆ. ರಜೆ ಮುಗಿಯಿತು ಎಂದು ಮಧ್ಯಾಹ್ನದ ಬಸ್ಸಿಗೆ ಹೋದೆನಲ್ಲ, ರಜೆ ಮುಗಿದಿರಲಿಲ್ಲ. ಇನ್ನೂ ಒಂದು ದಿನ ಇತ್ತು. ಆ ದಿನವನ್ನು ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕಳೆದೆ.

ಇದನ್ನು ನಿನ್ನನ್ನು ಅಳಿಸಲು ಬರೆಯುತ್ತಿಲ್ಲ. ಹೆದರಿಕೆ ಯಾವುದಕ್ಕೆ ಎಂಬುದನ್ನಾದರೂ ನೀನು ಸರಿಯಾಗಿ ತಿಳಿದುಕೊಳ್ಳಲಿ ಎಂದು.

ವಿಕಿರಣ ಬೇರೆ, ಅದನ್ನು ಬೀರುವ ಧೂಳು ಬೇರೆ. ಬಿಸಿಲಲ್ಲಿ ನಿಂತು ಬಂದವಳು ಮನೆಯೊಳಗೆ ಬಿಸಿಲು ತರುವುದಿಲ್ಲ, ವಿಕಿರಣ ಹಾಗೆ. ಅಂಟುವುದು ಧೂಳು. ಅದಕ್ಕೇ ಒಳಗಿನವರಿಗೆ ಬೇರೆ ಬಟ್ಟೆ, ಬೇರೆ ಬೂಟು. ಅವು ನನ್ನ ಬಳಿಗೆ ಬರುತ್ತಿದ್ದವು. ಕೈಗವಸು ಹಾಕಿಕೊಂಡು ಒಂದೊಂದಕ್ಕೂ ವಿಕಿರಣ ಅಳೆಯುವ ಮೀಟರು ಹಿಡಿಯಬೇಕು, ವಿಂಗಡಿಸಬೇಕು, ತೊಳೆಯಬೇಕು, ಒಣಗಿದ ಮೇಲೆ ಮತ್ತೆ ಹಿಡಿಯಬೇಕು. ಎಷ್ಟು ತೊಳೆದರೂ ಮೀಟರು ಸುಮ್ಮನಾಗದ ಬಟ್ಟೆಯನ್ನು ಡ್ರಮ್ಮಿಗೆ ಹಾಕಿ ಮುಚ್ಚುತ್ತಿದ್ದರು. ಎದೆಯ ಮೇಲಿನ ಬ್ಯಾಡ್ಜು ಮೈಗೆ ಬಿದ್ದ ವಿಕಿರಣದ ಲೆಕ್ಕ ಹಿಡಿಯುತ್ತಿತ್ತು. ನನ್ನ ಬ್ಯಾಡ್ಜು ಯಾವ ವರ್ಷವೂ ಮಿತಿಯ ಹತ್ತಿರ ಹೋಗಲಿಲ್ಲ.

ಹೊರಗೆ ಬರುವಾಗ ಒಂದು ಯಂತ್ರ. ಎರಡೂ ಪಾದ ಅದರ ಮೇಲಿಟ್ಟು, ಎರಡೂ ಕೈ ಅದರೊಳಗೆ ತೂರಿಸಿ ನಿಲ್ಲಬೇಕು. ಹಸಿರು ಬಂದರೆ ಹೊರಗೆ. ಬರದಿದ್ದರೆ ತೊಳೆದುಕೊಂಡು ಮತ್ತೆ ಸಾಲಿಗೆ. ಒಂದು ಸಲ ನನ್ನ ಹಿಂದೆ ದೊಡ್ಡ ಎಂಜಿನಿಯರ್ ಸಾಹೇಬರಿದ್ದರು. ನನಗೆ ಹಸಿರು ಬಂತು. ಅವರಿಗೆ ಬರಲಿಲ್ಲ. ಅವರು ಹೋಗಿ ಸಾಬೂನು ಹಚ್ಚಿ ತೊಳೆದು, ನಮ್ಮ ನೆಲ ಒರೆಸುವವರ ಹಿಂದೆ ನಿಂತರು. ಆವತ್ತು ನಾನು ಕಾಲೊನಿಯ ಕೋಣೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅತ್ತೆ, ಸಾಕ್ಷಿ. ನಮ್ಮವ್ವ, ಅವಳವ್ವ, ಯಾರಿಗೂ ಯಾರೂ ಹಾಗೆ ಅಳೆದು ನೋಡಿ ಹೇಳಿರಲಿಲ್ಲ, ಅಳೆಯದೆಯೇ ಮೈಲಿಗೆ ಎಂದು ಹೇಳಿದ್ದರು. ಆ ಯಂತ್ರಕ್ಕೆ ಯಾರ ಹೆಸರೂ ಗೊತ್ತಿರಲಿಲ್ಲ. ನಾನು ಆ ಕೆಲಸ ಬಿಡದಿದ್ದದ್ದಕ್ಕೆ ಸಂಬಳ ಒಂದೇ ಕಾರಣವಲ್ಲ.

ಮೇ ಮೂವತ್ತೊಂದಕ್ಕೆ ನನ್ನ ಗುತ್ತಿಗೆ ಮುಗಿಯಿತು. ವಯಸ್ಸಾಯಿತು ಎಂದರು, ಆಗಿದೆ. ಕೊನೆಯ ತಪಾಸಣೆಗೆ ಒಂದು ಖುರ್ಚಿಯಲ್ಲಿ ಕೂರಿಸಿ ಇಡೀ ಮೈ ಅಳೆದರು. ಒಳಗೆ ಏನೂ ಇಲ್ಲ ಎಂದು ಚೀಟಿ ಕೊಟ್ಟರು. ಈಗ ಇಲ್ಲಿ ಮನಗೂಳಿಯಲ್ಲಿ ಶಂಕ್ರೆಪ್ಪನ ಮನೆಯಲ್ಲಿದ್ದೇನೆ. ಅವನ ಇಸ್ತ್ರಿ ಅಂಗಡಿಯಲ್ಲಿ ಹಗಲು ಕೂರುತ್ತೇನೆ, ಕೈ ಸುಮ್ಮನಿರುವುದಿಲ್ಲ.

ಆ ಚೀಟಿಯ ಜೆರಾಕ್ಸನ್ನು ಈ ಕಾಗದದ ಜೊತೆ ಮೊದಲು ಇಟ್ಟಿದ್ದೆ. ಆಮೇಲೆ ತೆಗೆದೆ. ಮೊಮ್ಮಗಳನ್ನು ಎತ್ತಿಕೊಳ್ಳಲು ಚೀಟಿ ತೋರಿಸುವ ಅಜ್ಜಿ ನಾನಾಗಲಾರೆ. ನೀನು ಕೇಳಿದರೂ ಕಳಿಸಲಾರೆ.

ಈಗ ನಿನ್ನ ಮೆಸೇಜಿಗೆ ಉತ್ತರ. ತೊಟ್ಟಿಲಿಗೆ ಬರುತ್ತೇನೆ. ನಾನಾಗಿ ಕೆಲಸದ ಮಾತು ತೆಗೆಯುವುದಿಲ್ಲ. ಆದರೆ ನಿನ್ನ ಅತ್ತೆ ಕೇಳಿದರೆ, ಬೀಗರು ಕೇಳಿಯೇ ಕೇಳುತ್ತಾರೆ, ನಾನು ಆಸ್ಪತ್ರೆ ಎನ್ನುವುದಿಲ್ಲ. ಇದ್ದದ್ದು ಹೇಳುತ್ತೇನೆ. ಹೇಳಿದ ಮೇಲೆ ಅವರು ಕೂಸನ್ನು ನನ್ನ ಕೈಗೆ ಕೊಡದಿದ್ದರೆ ನಾನು ಜಗಳವಾಡುವುದಿಲ್ಲ, ಮೂಲೆಯಲ್ಲಿ ಕೂತು ಹೆಸರು ಕೇಳಿ ಬರುತ್ತೇನೆ. ಇದು ನಿನಗೆ ಆಗದು ಎಂದಾದರೆ "ಬರಬೇಡ" ಎಂದು ಬರೆ. ನಿನ್ನ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಇನ್ನೊಂದು ಸುಳ್ಳು ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ, ಮಗಳೇ. ಇಪ್ಪತ್ತೆರಡು ವರ್ಷ ಅದನ್ನೇ ಹೊತ್ತೆ. ಬಟ್ಟೆಯ ಗಂಟಿಗಿಂತ ಅದೇ ಭಾರ.

ಬಾಣಂತಿ ನೀನು, ತಣ್ಣೀರಿನಲ್ಲಿ ಕೈ ಆಡಿಸಬೇಡ. ಸೊಂಟಕ್ಕೆ ಬಟ್ಟೆ ಬಿಗಿದುಕೋ.

ನಿನ್ನ ಅವ್ವ,
ಯಶೋಧಾ

ಮತ್ತೆ: ಸಿದ್ದೀಕಾ ಎಂಬವಳ ವಿಷಯ ನಿನಗೆ ಎಂದೂ ಹೇಳಿಲ್ಲ. ಝಳಕಿ ಕಡೆಯವಳು. ನಾನು ಬಟ್ಟೆ ತೊಳೆಯಲು ಸೇರಿದ ಹೊಸತರಲ್ಲಿ ಅವಳು ಒಳಗಡೆ ನೆಲ ಒರೆಸುತ್ತಿದ್ದಳು. ಊಟಕ್ಕೆ ನನ್ನ ಪಕ್ಕದಲ್ಲೇ ಕೂತು ಡಬ್ಬಿ ಮುಂದೆ ಚಾಚುತ್ತಿದ್ದಳು. ಏಳು ತಿಂಗಳು ನಾನು ಅದಕ್ಕೆ ಕೈ ಹಾಕಲಿಲ್ಲ. ಒಂದು ದಿನ ಹೊಟ್ಟೆನೋವು ಎಂದೆ, ಒಂದು ದಿನ ಒಪ್ಪತ್ತು ಎಂದೆ. ಅವಳಿಂದ ನನಗೆ ಅಂಟಿದರೆ, ನಾನು ಸತ್ತರೆ, ಸಾಕ್ಷಿಗೆ ಯಾರು ಎಂದು ಹೆದರುತ್ತಿದ್ದೆ. ಅವಳಿಗೆ ಗೊತ್ತಾಗಿತ್ತು. ಒಮ್ಮೆಯೂ ಕೇಳಲಿಲ್ಲ, ಚಾಚುವುದನ್ನೂ ಬಿಡಲಿಲ್ಲ. ಎಂಟನೆಯ ತಿಂಗಳು ಒಂದು ಮಧ್ಯಾಹ್ನ ಕೈ ಹಾಕಿದೆ. ಪುಂಡಿಪಲ್ಲೆ ಇತ್ತು. "ಉಪ್ಪು ಕಮ್ಮಿ ಆಗೈತೇನ?" ಎಂದಳು.