ಕದಿರಮ್ಮನ ಹುಟ್ಟಿದ ತಾರೀಖು

ಮೇಲೂರು
೧೩-೨-೧೯೬೩, ಬುಧವಾರ

ಚಿಂತಾಮಣಿಯಲ್ಲಿರುವ ಶ್ರೀ ವರದರಾಜ ಅವರಿಗೆ, ಮೇಲೂರಿನಿಂದ ಅಲಮೇಲು ನಮಸ್ಕಾರ ಹೇಳಿ ಬರೆಯುವುದು.

ಹೆಂಡತಿ ಗಂಡನ ಹೆಸರು ಹಿಡಿದು ಬರೆಯಬಾರದು ಎಂದು ನಿಮ್ಮ ತಾಯಿಯವರು ಹೇಳುತ್ತಿದ್ದರು. ಆದರೆ ನೀವು ಮಕ್ಕಳ ಪ್ರತಿಭಾ ಸ್ಪರ್ಧೆಯ ಸಮಿತಿ ಕಾರ್ಯದರ್ಶಿಯೂ ಹೌದು, ಈ ಕಾಗದ ಆ ಕಾರ್ಯದರ್ಶಿಗೂ ಸೇರಿದ್ದು. ಅವರಿಗೆ ಹೆಸರಿದೆ, ಬರೆದಿದ್ದೇನೆ. ಕ್ಷೇಮ ಸಮಾಚಾರ ಕೊನೆಯಲ್ಲಿ, ಜಾಗ ಉಳಿದರೆ.

ನಿಮ್ಮ ಸಮಿತಿ ಅಚ್ಚು ಹಾಕಿಸಿ ಎರಡು ತಾಲ್ಲೂಕಿನ ಶಾಲೆಗಳ ಗೋಡೆಗೆ ಅಂಟಿಸಿದ ಮಾತುಗಳು ಇವು. ಮೊದಲು ಬಂದ ಮಗುವಿಗೆ ಹೈಸ್ಕೂಲು ಮುಗಿಯುವವರೆಗೆ ಫೀಜು ಮಾಫಿ. ಚಿಂತಾಮಣಿಯ ವಿದ್ಯಾರ್ಥಿನಿಲಯದಲ್ಲಿ ಊಟ, ಮಲಗಲು ಜಾಗ. ಒಂದು ಬೆಳ್ಳಿ ಬಟ್ಟಲು. ಮಗು ಬರೆದ ಪ್ರಬಂಧವನ್ನು ವೇದಿಕೆಯ ಮೇಲೆ ಓದಿಸುವುದು. ಜಾತಿ, ಊರು, ಗಂಡು, ಹೆಣ್ಣು ಯಾವುದನ್ನೂ ನೋಡುವುದಿಲ್ಲ ಎಂಬುದು ದಪ್ಪಕ್ಷರದಲ್ಲಿ.

ಕದಿರಮ್ಮ ಮೊದಲು ಬಂದಳು. ಅವಳಿಗೆ ಫೀಜು ಮಾಫಿ ಇಲ್ಲ. ನಿಲಯ ಇಲ್ಲ. ಬಟ್ಟಲು ಇಲ್ಲ. ಪ್ರಬಂಧವನ್ನು ಯಾರೂ ಓದಲಿಲ್ಲ. ಸಮಾಧಾನಕ್ಕೆಂದು ಒಂದು ಫೌಂಟನ್ ಪೆನ್ನು ಕಳಿಸಿದಿರಿ. ಅವಳು ಮುಟ್ಟಲಿಲ್ಲ. ಈ ಕಾಗದವನ್ನು ಅದರಲ್ಲೇ ಬರೆಯುತ್ತಿದ್ದೇನೆ. ಸೋರುತ್ತದೆ.

ಅವಳು ಬರೀ ಒಂದು ಅರ್ಜಿ ಆಗಬಾರದು, ಅದಕ್ಕೆ ಹೇಳುತ್ತೇನೆ ಕೇಳಿ. ನನ್ನ ಏಳನೇ ತರಗತಿಯ ಹುಡುಗಿ. ರೇಷ್ಮೆಹುಳು ಸಾಕುವ ಮುನಿಶಾಮಪ್ಪನ ಮಗಳು. ಜನವರಿ ಹತ್ತೊಂಬತ್ತರಂದು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ನೀವು ಮೇಜಿನ ಆ ಕಡೆ ಇದ್ದಿರಿ, ನಾನು ಬಾಗಿಲ ಹತ್ತಿರ. ಒಬ್ಬರಿಗೊಬ್ಬರು ತಲೆ ಆಡಿಸಿದೆವು. ಬೇರೆ ಬೇರೆ ಊರಲ್ಲಿರುವ ಈ ಒಂಬತ್ತು ವರ್ಷದಲ್ಲಿ ನಮ್ಮ ಸಂಸಾರ ನಡೆದದ್ದು ಅಷ್ಟೇ.

ಬಾಯಿಲೆಕ್ಕದ ಹೊತ್ತಿನಲ್ಲಿ ಅಧ್ಯಕ್ಷ ಪುಟ್ಟಸ್ವಾಮಯ್ಯನವರು ಕೇಳಿದ್ದು ನೆನಪಿದೆಯೇ? ಒಂದು ಮನೆಯಲ್ಲಿ ನಲವತ್ತು ತಟ್ಟೆ ರೇಷ್ಮೆಹುಳು, ತಟ್ಟೆಗೆ ದಿನಕ್ಕೊಂದು ಬುಟ್ಟಿ ಸೊಪ್ಪು, ಇಪ್ಪತ್ತೆಂಟು ದಿನಕ್ಕೆ ಎಷ್ಟು ಬುಟ್ಟಿ ಎಂದು. ಕದಿರಮ್ಮ ಎದ್ದು ನಿಂತು, “ಹುಳ ಚಿಕ್ಕವಾ, ದೊಡ್ಡವಾ ಸಾರ್?” ಎಂದಳು. “ಅದ್ಯಾಕಮ್ಮ ನಿಂಗೆ? ಲೆಕ್ಕ ಮಾಡು” ಎಂದು ಅವರು ಗದರಿದರು. ಅದಕ್ಕೆ ಅವಳು, “ಮೊದಲ್ನೇ ವಾರ ತಟ್ಟೆಗೆ ಒಂದು ಹಿಡಿ ಸಾಕು ಸಾರ್. ಕೊನೇ ವಾರ ಬುಟ್ಟಿಬುಟ್ಟಿ ಸುರಿದ್ರೂ ಸಾಲಲ್ಲ. ನೀವು ಹೇಳ್ದಂಗೆ ಹಾಕಿದ್ರೆ ಮೊದ್ಲು ಸೊಪ್ಪು ಕೊಳೀತದೆ, ಆಮೇಲೆ ಹುಳ ಸಾಯ್ತವೆ. ನಿಮಗೆ ಬೇಕಾಗಿರೋ ಉತ್ತರ ಸಾವಿರದ ನೂರಿಪ್ಪತ್ತು” ಎಂದು ಹೇಳಿ ಕೂತಳು. ಇಡೀ ಕೋಣೆ ನಕ್ಕಿತು. ನೀವೂ ನಕ್ಕಿರಿ. ವಸ್ತ್ರದ ಚುಂಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ನಾನು ನೋಡಿದೆ.

‘ನಮ್ಮ ಮನೆ’ ಎಂಬ ಪ್ರಬಂಧವನ್ನು ನೀವೇ ತಿದ್ದಿದ್ದು. ದೊಡ್ಡ ಕೋಣೆ ಹುಳುಗಳದು, ಅಲ್ಲಿ ಒಗ್ಗರಣೆ ಹೊಗೆ ಹೋಗಬಾರದು, ಊದುಕಡ್ಡಿ ಹಚ್ಚಬಾರದು, ಮನೆಯವರೆಲ್ಲ ಅಂಗಳದಲ್ಲಿ ಮಲಗುತ್ತೇವೆ ಎಂದು ಬರೆದಿದ್ದಳು. “ಹುಳು ಗೂಡು ಕಟ್ಟಿ ಸಂತೆಗೆ ಹೋದ ಮೇಲೆ ಹತ್ತು ದಿನ ಆ ಕೋಣೆ ನನ್ನದು. ತಿಂಗಳಿನ ಪಾಠವನ್ನೆಲ್ಲ ಆ ಹತ್ತು ದಿನದಲ್ಲಿ ಓದುತ್ತೇನೆ” ಎಂಬ ಸಾಲಿನ ಕೆಳಗೆ ನೀಲಿ ಪೆನ್ಸಿಲಿನ ಗೆರೆ ಇತ್ತು. ಆ ಗೆರೆ ನಿಮ್ಮದು. ಅಂಥ ಗೆರೆ ಎಳೆಯುವ ಕೈಯನ್ನು ನಾನು ಮದುವೆಯಾದದ್ದು.

ಅದೇ ಕೈ ನಾಲ್ಕು ದಿನದ ಮೇಲೆ ನೋಟೀಸು ಬರೆಯಿತು. ಶಾಲೆಯ ದಾಖಲೆ ಪುಸ್ತಕದ ಪ್ರಕಾರ ಜನನ ೧೪-೭-೧೯೫೦. ಜನವರಿ ಒಂದಕ್ಕೆ ಹನ್ನೆರಡು ತುಂಬಿದೆ. ಹನ್ನೆರಡು ತುಂಬದವರಿಗೆ ಮಾತ್ರ ಇರುವ ಸ್ಪರ್ಧೆಗೆ ಅನರ್ಹಳು.

ಹುಟ್ಟಿದ ತಾರೀಖಂತೆ! ನಮ್ಮ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಕ್ಯಾಲೆಂಡರು ಇತ್ತು? ಜೂನ್ ತಿಂಗಳಲ್ಲಿ ಮಗುವಿನ ಹಲ್ಲು ನೋಡಿ, ಎತ್ತರ ನೋಡಿ, ಮೇಷ್ಟರು ಒಂದು ತಾರೀಖು ಬರೆದುಕೊಳ್ಳುತ್ತಾರೆ. ಅರ್ಧ ತಾಲ್ಲೂಕು ಮೇಷ್ಟರ ಲೇಖನಿಯಲ್ಲಿ ಹುಟ್ಟಿದ್ದು. ವಿದ್ಯಾ ಇಲಾಖೆಯ ಕಚೇರಿಯಲ್ಲಿ ಕೂತು ವರ್ಷವಿಡೀ ಆ ತಾರೀಖುಗಳಿಗೆ ರುಜು ಹಾಕುವ ನಿಮಗೆ ಇದು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ.

ಅವಳ ಅಜ್ಜಿ ಅಕ್ಕಯ್ಯಮ್ಮನನ್ನು ಪುಟ್ಟಸ್ವಾಮಯ್ಯನವರ ಮುಂದೆ ನಿಲ್ಲಿಸಿದೆ. ಮುದುಕಿ ಹೇಳಿದ್ದು ಹೀಗೆ: “ಮೊಟ್ಟಮೊದಲ್ನೇ ಸಲ ಓಟು ಹಾಕಿದ್ವಲ್ಲ ಸ್ವಾಮಿ, ಅವರೇಕಾಯಿ ಕಾಲ. ನನ್ನ ಸೊಸೆ ಬೆರಳಿಗೆ ಮಸಿ ಹಚ್ಚಿಸ್ಕೊಂಡು ಬಂದ್ಲು. ಮಸಿ ಹೋಗೋದ್ರೊಳಗೆ ಕೂಸು ಬಂತು.” ಅಂದರೆ ಐವತ್ತೆರಡನೇ ಇಸವಿಯ ಶುರುವಿನಲ್ಲಿ. ಮಗುವಿಗೆ ಈಗ ಹನ್ನೊಂದು. ಪುಟ್ಟಸ್ವಾಮಯ್ಯನವರು, “ಮುದುಕಿ ಮಾತಿಗೆ ಸೀಲು ಎಲ್ಲಿದೆಯಮ್ಮ?” ಎಂದು ಕೇಳಿದರು. ಬೆರಳಿಗೆ ಆ ಮಸಿ ಹಚ್ಚಿದ್ದು ಸರ್ಕಾರವೇ ಅಲ್ಲವೇ, ಅದಕ್ಕಿಂತ ದೊಡ್ಡ ಸೀಲು ನಿಮ್ಮ ಪೆಟ್ಟಿಗೆಯಲ್ಲಿ ಯಾವುದಿದೆ ಎಂದೆ. ಅವರು ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ಮುನಿಶಾಮಪ್ಪ ಕೆಟ್ಟವನಲ್ಲ. ಇನ್ನೂ ಮೂರು ಮಕ್ಕಳು ಅವನಿಗೆ. “ಹೈಸ್ಕೂಲು ಸಿಕ್ಕಿದ್ರೆ ಓದ್ಲಿ ಟೀಚರಮ್ಮ, ಬೇಡ ಅಂತೀನಾ? ಇಲ್ದಿದ್ರೆ ಯುಗಾದಿ ಕಳೀತಿದ್ದಂಗೆ ಶಿಡ್ಲಘಟ್ಟಕ್ಕೆ ನೂಲು ತೆಗೆಯೋಕೆ ಕಳಿಸ್ತೀನಿ. ಮಾತಾಡಿ ಆಗೈತೆ” ಎನ್ನುತ್ತಾನೆ. ಕುದಿಯುವ ನೀರಿನಲ್ಲಿ ಗೂಡು ಮುಳುಗಿಸಿ ಎಳೆ ಹಿಡಿಯುವ ಹುಡುಗಿಯರ ಬೆರಳು ನೀವು ನೋಡಿದ್ದೀರಿ. ಬೆಳ್ಳಗೆ ಊದಿ, ತುದಿ ಒಡೆದಿರುತ್ತದೆ. ಆ ಬೆರಳಲ್ಲಿ ಮತ್ತೆ ಯಾರೂ ಪ್ರಬಂಧ ಬರೆಯುವುದಿಲ್ಲ. ಯುಗಾದಿಗೆ ಇನ್ನು ಒಂದೂವರೆ ತಿಂಗಳೂ ಇಲ್ಲ.

ನಲವತ್ತೇಳರಲ್ಲಿ ಮೈಸೂರು ಚಲೋ ಎಂದು ಕೂಗಿ ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದವರು ನೀವು. ನಿಮ್ಮ ಪಕ್ಕದಲ್ಲಿ ಬಾವುಟ ಹಿಡಿದು ಕೂತವಳು ನಾನು. ನಿಯಮ ಅಂತೀರಲ್ಲ, ಯಾರು ಮಾಡಿದ ನಿಯಮ ಎಂದು ಅಮಲ್ದಾರರನ್ನು ಕೇಳಿದ್ದು ನಿಮ್ಮ ಇದೇ ಬಾಯಿ. ಈಗ ನೀವು ಬಾಗಿಲ ಒಳಗೆ ಇದ್ದೀರಿ. ನಾನು ಹೊರಗೇ ಇದ್ದೇನೆ. ಕೂಗುವುದಕ್ಕೆ ಗಂಟಲಿಲ್ಲ. ಅರ್ಜಿ ಬರೆದೆ, ಜ್ಞಾಪಕ ಪತ್ರ ಬರೆದೆ, ಎರಡು ಸಲ ಬಂದು ಬೆಂಚಿನ ಮೇಲೆ ಕೂತು ಎದ್ದುಬಂದೆ. ಸಾಕಾಗಿದೆ ನನಗೆ. ನಮ್ಮ ಮಗಳು ಗೋದಾ ತೀರಿಕೊಂಡ ವರ್ಷವೂ ಹೀಗೇ ಸಾಕಾಗಿತ್ತು. ನೀವು ವರ್ಗ ಮಾಡಿಸಿಕೊಂಡು ಚಿಂತಾಮಣಿಗೆ ಹೋದಿರಿ. ನಾನು ಮಗು ನಡೆದಾಡಿದ ಮನೆ ಬಿಡಲಾರೆನೆಂದು ಇಲ್ಲೇ ಉಳಿದೆ. ಆಮೇಲೆ ಅವಳ ಹೆಸರನ್ನು ನೀವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ಬರೆದುಬಿಟ್ಟೆ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಆ ತಾರೀಖು ಬರೆದವರು ಯಾರಮ್ಮ ಎಂದು ಪುಟ್ಟಸ್ವಾಮಯ್ಯನವರು ಕೇಳಿದಾಗ, ಹಿಂದೆ ಇದ್ದವರು ಯಾರೋ ಎಂದೆ. ಸುಳ್ಳು. ಬರೆದವಳು ನಾನೇ. ಐವತ್ತಾರರ ಜೂನಿನಲ್ಲಿ ಅಕ್ಕನ ಲಂಗ ಹಿಡಿದುಕೊಂಡು ಬಂದ ಈ ನಾಲ್ಕೂವರೆ ವರ್ಷದ್ದು ಮನೆಗೆ ಹೋಗಲ್ಲ ಎಂದು ಮೊದಲ ಮಣೆಯ ಮೇಲೆ ಕೂತುಬಿಟ್ಟಿತು. ಅಷ್ಟು ಚಿಕ್ಕವರನ್ನು ಸೇರಿಸುವಂತಿರಲಿಲ್ಲ. ವಯಸ್ಸು ಏರಿಸಿ ಬರೆದೆ. ಮಗುವಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೆ. ನನ್ನ ಅಕ್ಷರ ನಿಮಗೆ ಗೊತ್ತು. ನೋಡಿದ ಕೂಡಲೇ ಗೊತ್ತಾಗಿರುತ್ತದೆ. ನೀವು ಯಾರಿಗೂ ಹೇಳಲಿಲ್ಲ. ನನ್ನ ಕೆಲಸ ಉಳಿಸಿದಿರಿ, ಅವಳ ಹೈಸ್ಕೂಲು ಕಳೆದಿರಿ. ಈ ದಯೆ ನನಗೆ ಬೇಡ.

ಹದಿನೇಳನೇ ತಾರೀಖು ಸಮಿತಿ ಸೇರುತ್ತದೆ. ಕದಿರಮ್ಮ, ಅಕ್ಕಯ್ಯಮ್ಮ, ನಾನು ಮೊದಲ ಬಸ್ಸಿಗೆ ಬರುತ್ತೇವೆ. ದಾಖಲೆ ಪುಸ್ತಕ ನನ್ನ ಚೀಲದಲ್ಲಿ ಇರುತ್ತದೆ. ಸುಳ್ಳು ವಯಸ್ಸು ಬರೆದವಳು ನಾನು ಎಂದು ಎಲ್ಲರ ಮುಂದೆ ಬರೆದುಕೊಡುತ್ತೇನೆ. ಶಿಕ್ಷೆಯನ್ನು ಬರೆದವಳಿಗೆ ಕೊಡಿ. ಹುಟ್ಟಿದವಳಿಗೆ ಯಾಕೆ?

ಜಾಗ ಉಳಿದಿದೆ. ನಾನು ಕ್ಷೇಮ. ನಿಮ್ಮ ಕೆಮ್ಮು ಹೇಗಿದೆ?

ದಣಿದಿರುವ, ಆದರೂ ಬರುವ,
ಅಲಮೇಲು

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮ ಕಚೇರಿಯಲ್ಲಿ ಟೈಪ್‌ರೈಟರ್ ಇದೆ. ಆ ನೋಟೀಸನ್ನು ನೀವು ಕೈಯಲ್ಲಿ ಬರೆದಿದ್ದೀರಿ. ತಾರೀಖಿನ ಹತ್ತಿರ ಪೆನ್ನು ನಿಂತು ಶಾಯಿ ಹರಡಿದೆ. ಹಾಗಾದರೆ ನೀವೂ ಮರೆತಿಲ್ಲ. ಆ ದಿನ ನನಗೆ ಯಾವುದೋ ಒಂದು ತಾರೀಖು ಬೇಕಿತ್ತು. ಎಲ್ಲರಂತೆ ಜೂನ್ ಒಂದು ಎಂದು ಬರೆಯಬಹುದಿತ್ತು. ಕೈ ನಮ್ಮ ಗೋದಾ ಹುಟ್ಟಿದ ದಿನವನ್ನು ಬರೆಯಿತು. ಪ್ರತಿ ಜುಲೈ ಹದಿನಾಲ್ಕರಂದು ಕದಿರಮ್ಮನ ಕೈಗೆ ಒಂದು ಚೂರು ಬೆಲ್ಲ ಇಡುತ್ತೇನೆ. ಯಾಕೆ ಎಂದು ಅವಳು ಕೇಳಿಲ್ಲ.

ಗೋದಾಳ ಜಾತಕವನ್ನು ನೀವು ಅವಳ ದೇಹದ ಜೊತೆಗೇ ಕಳಿಸಿದಿರಿ. ಅವಳು ಹುಟ್ಟಿದ ದಿನ ಬರೆದಿರುವ ಕಾಗದ ಇನ್ನು ದಾಖಲೆ ಪುಸ್ತಕದ ಈ ಹಾಳೆಯೊಂದೇ. ಕಾನೂನು ಒಪ್ಪಲಿ, ಬಿಡಲಿ, ಅದನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಕದಿರಮ್ಮನಿಗೆ ಅವಳದೇ ವರ್ಷ ಬರೆಯುತ್ತೇನೆ. ಸಭೆಯ ದಿನಕ್ಕೆ ನೀವು ರಜೆ ಹಾಕಿದ್ದೀರೆಂದು ಕೇಳಿದೆ. ವಾಪಸು ತೆಗೆದುಕೊಳ್ಳಿ. ತಿದ್ದಿದ ಕಡೆ ಇಬ್ಬರ ರುಜು ಬೇಕು, ಒಬ್ಬಳ ಕೈಲಿ ಆಗುವುದಿಲ್ಲ.

ಭಾನುವಾರ, ಬೆಳಿಗ್ಗೆ ಹತ್ತೂವರೆ.