ಸುಣ್ಣದ ಮಾತ್ರೆ

ಫೆಬ್ರವರಿ 9, ಬೆಳಿಗ್ಗೆ

ಕಾಫಿ ಜೊತೆ ಇವರು ಕೊಟ್ಟ ಮಾತ್ರೆ ನುಂಗಿದೆ. ಥೈರಾಯ್ಡ್ ಆಪರೇಷನ್ ಆದಾಗಿನಿಂದ ಕ್ಯಾಲ್ಸಿಯಂ ಇವರದೇ ಇಲಾಖೆ. ಡಬ್ಬಿ ಇವರ ಬೀರುವಿನಲ್ಲಿ. ಒಂದು ದಿನವೂ ಮರೆತವರಲ್ಲ. ಗಂಡ ಅಂದರೆ ಹೀಗಿರಬೇಕು ಅಂತ ನಿನ್ನೆ ಹೊಂಗಡಹಳ್ಳದ ನಮ್ಮ ಅಂಗನವಾಡಿಯಲ್ಲಿ ಜಂಬ ಕೊಚ್ಚಿಕೊಂಡೆ. ಮೊಣಕೈಯಲ್ಲಿದ್ದ ಹಳೇ ಸೋರಿಯಾಸಿಸ್ ಮಾತ್ರ ಬೆನ್ನಿಗೂ ಹಬ್ಬುತ್ತಿದೆ. ಹಾಸಿಗೆ ಕೊಡವಿದರೆ ಬಿಳೀ ಹೊಟ್ಟು.

ಫೆಬ್ರವರಿ 27

ಮೈಯೆಲ್ಲ ಕೆಂಪು. ಕೀವುಗುಳ್ಳೆ ಬೇರೆ. ತುಟಿ ಜುಮ್ ಅನ್ನುತ್ತೆ, ಬೆರಳು ಸೆಟೆದುಕೊಳ್ಳುತ್ತೆ. ಮಕ್ಕಳಿಗೆ ನೀವು ಬಡಿಸಬೇಡಿ ಟೀಚರ್ ಅಂದರು ತಾಯಂದಿರು. ಅಂಟುವ ಕಾಯಿಲೆಯಲ್ಲ ಅಂದರೂ ಕೇಳುವವರು ಯಾರು… ರಜೆ ಹಾಕಿ ಬಂದೆ. ಅವ್ವ ಆಲೂರಿನಿಂದ ಬಂದು ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹೋದಳು.

ಮಾರ್ಚ್ 6, ಹಾಸನ, ಆಸ್ಪತ್ರೆ

ರಿಪೋರ್ಟ್ ನೋಡಿ ಡಾಕ್ಟರ್ ರೇಗಿದರು. "ರಕ್ತದಲ್ಲಿ ಕ್ಯಾಲ್ಸಿಯಂ ಪಾತಾಳಕ್ಕಿಳಿದಿದೆ. ಅದು ಇಳಿದರೆ ಕೆಲವರಿಗೆ ಸೋರಿಯಾಸಿಸ್ ಹೀಗೇ ಕೆರಳುತ್ತೆ. ಮಾತ್ರೆ ಯಾಕಮ್ಮ ಬಿಟ್ಟೆ?"

ಬಿಟ್ಟಿಲ್ಲ ಸಾರ್, ದೇವರಾಣೆ.

"ಸುಳ್ಳು ಹೇಳ್ಬೇಡ."

ಪಕ್ಕದಲ್ಲೇ ಕೂತಿದ್ದ ಇವರು ಚಪ್ಪಲಿ ನೋಡಿಕೊಂಡಿದ್ದರು. ಡ್ರಿಪ್ ಹಾಕಿದ್ದಾರೆ. ಅಳು ನಿಲ್ಲುತ್ತಿಲ್ಲ.

ಮಾರ್ಚ್ 9, ಯಸಳೂರು

ಮನೆಗೆ ಬಂದವಳೇ ಬೀರು ತೆಗೆದೆ. ಡಬ್ಬಿಯಲ್ಲಿ ಕ್ಯಾಲ್ಸಿಯಂ ಇಲ್ಲ! ಯಾವುದೋ ವಿಟಮಿನ್ ಮಾತ್ರೆ. ಅದೂ ಬಿಳಿ, ಅಷ್ಟೇ ಉದ್ದ. ಇವರನ್ನು ಹಿಡಿದು ಕೇಳಿದೆ.

"ಮೈಯಿಂದ ಸುಣ್ಣ ಉದುರ್ದಂಗೆ ಉದುರ್ತಿತ್ತು ಕಣೇ. ಆ ಮಾತ್ರೇಲೂ ಸುಣ್ಣನೇ ಐತೆ ಅಂದ್ರು. ಜಾಸ್ತಿ ಆಗ್ಬುಟ್ಟೈತೆ ಅನ್ಕಂಡೆ. ಹೇಳಿದ್ರೆ ನೀನು ಒಪ್ತಿರ್ಲಿಲ್ಲ."

ಡಾಕ್ಟರ್ ಮುಂದೆ ಯಾಕ್ರೀ ಬಾಯಿ ಬಿಡಲಿಲ್ಲ?

"ಮರ್ವಾದೆ ಹೋಗ್ತಿತ್ತು."

ಅಬ್ಬಾ, ಅವನ ಮರ್ಯಾದೆ! ನಾನು ಸುಳ್ಳಿ ಅನ್ನಿಸಿಕೊಂಡೆನಲ್ಲ, ಅದಕ್ಕೇನೂ ಇಲ್ಲ. ಮಾತ್ರೆ ಬದಲಾಯಿಸಿದ್ದನ್ನು ದಡ್ಡತನ ಅಂತ ಕ್ಷಮಿಸಿಬಿಡುತ್ತಿದ್ದೆ. ಆದರೆ ಅಲ್ಲಿ ಸುಮ್ಮನೆ ಕೂತಿದ್ದು? ನಂಬಿಸಿ ಕತ್ತು ಕೊಯ್ದ. ಕೂಗಾಡಿದೆ. ಕೊನೆಗೆ ಮೆಲ್ಲಗೆ ಅಂದ, "ನಾನೊಬ್ನೇ ಅಲ್ಲ. ನಿಮ್ಮವ್ವನ್ನ ಕೇಳ್ಕಂಡೇ ಮಾಡಿದ್ದು."

ಮಾರ್ಚ್ 10, ಮಧ್ಯಾಹ್ನ

ಹೊಸ ಮಾತ್ರೆ ನಾನೇ ಇಟ್ಟುಕೊಂಡಿದ್ದೇನೆ. ಅವ್ವನಿಗೆ ಫೋನ್ ಮಾಡಿದೆ.

"ಮಾತ್ರೆ ಬದಲಾಯ್ಸಿದ್ದು ನಿಂಗೂ ಗೊತ್ತಿತ್ತಾ ಅವ್ವ?"

ಅವಳ ಮನೆಯಲ್ಲಿ ಕುಕ್ಕರ್ ಕೂಗಿತು.

"ಊಟ ಆಯ್ತೇನವ್ವ?"

ಆಯ್ತು ಅಂದೆ. ಇಲ್ಲಿ ಇನ್ನೂ ಒಲೆಯೇ ಹಚ್ಚಿಲ್ಲ. ಹೊಟ್ಟೆ ಹಸಿಯುತ್ತಿದೆ. ಇವನು ಹೋಟೆಲಿನಿಂದ ಊಟ ತಂದು ಒಳಗೆ ತಟ್ಟೆ ಹಾಕುತ್ತಿದ್ದಾನೆ, ಕರೆಯುತ್ತಿದ್ದಾನೆ. ಇನ್ನು ನಾನು ಯಾರ ಕೈಯಿಂದ—