ನಲವತ್ತೆರಡು ಮನೆಗಳ ಒಂದೇ ಉತ್ತರ

ಕಾನೂನು ಸಂಶೋಧನಾ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿರುವ ಮಾನ್ಯರೇ,

ನನ್ನ ತಂಗಿಯ ಮಗಳು ನೀಲಾವತಿಯ ಡಾಕ್ಟರೇಟ್ ನೋಂದಣಿಯನ್ನು ತಾವು ರದ್ದು ಮಾಡಿದ್ದೀರಿ. ಕೊಟ್ಟ ಕಾರಣ ಒಂದೂವರೆ ಸಾಲು: ‘ಸಂಗ್ರಹಿಸಿದ ಉತ್ತರಗಳು ಕಲ್ಪಿತವಾಗಿರುವುದರಿಂದಲೂ, ಅಭ್ಯರ್ಥಿಗೆ ಸಂಶೋಧನಾ ವಿಧಾನದ ಅರಿವಿಲ್ಲದಿರುವುದರಿಂದಲೂ.’ ಉತ್ತರಗಳು ಕಲ್ಪಿತ ಎಂಬುದು ನಿಜ. ಕಲ್ಪಿಸಿದವಳು ಅವಳಲ್ಲ, ನಾನು. ಇದನ್ನೇ ತಿಳಿಸಿ ತಮ್ಮ ಕಚೇರಿಗೆ ಮೂರು ಪತ್ರ ಹಾಕಿದೆ. ಮೂರಕ್ಕೂ ಉತ್ತರವಿಲ್ಲ. ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಇನ್ನೊಂದು ಬರೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ನಾನು ಸಿದ್ಧಕಟ್ಟೆಯ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿದವನು. ಆದರೆ ಬಂಟವಾಳದಿಂದ ಬೆಳ್ತಂಗಡಿಯವರೆಗೆ ಪಾಲಿನ ವ್ಯಾಜ್ಯ ಎಂದರೆ ಮೊದಲು ನನ್ನ ಹೆಸರು ಬರುತ್ತದೆ, ವಕೀಲರ ಹೆಸರು ಆಮೇಲೆ. ಹದಿನೇಳು ಮೊಕದ್ದಮೆಗಳಲ್ಲಿ ಸಾಕ್ಷಿ ಹೇಳಿದ್ದೇನೆ. ಪಾಟೀಸವಾಲಿನಲ್ಲಿ ನನ್ನನ್ನು ಕೆಡವಿದ ವಕೀಲ ಇನ್ನೂ ಹುಟ್ಟಬೇಕಷ್ಟೆ. ಒಬ್ಬರು ಬೆವರು ಒರಸಿಕೊಳ್ಳುತ್ತ, ‘ನೀವು ಓದಿದ್ದರೆ ನಮಗೆಲ್ಲ ಕೆಲಸ ಇರುತ್ತಿರಲಿಲ್ಲ’ ಎಂದಿದ್ದರು. ಸಾಕ್ಷಿ ಹೇಳುವುದು ಮಾತ್ರವಲ್ಲ, ಸಾಕ್ಷಿಗಳನ್ನು ತಯಾರು ಮಾಡುವುದೂ ನನಗೆ ಗೊತ್ತು. ಈ ಅನರ್ಥಕ್ಕೆ ಕಾರಣವಾದದ್ದು ಆ ವಿದ್ಯೆಯೇ.

ನೀಲಾವತಿಯ ವಿಷಯ ತಮಗೆ ಗೊತ್ತು. ಹೆಂಗಸರ ಸಂತತಿಯಲ್ಲಿ ಆಸ್ತಿ ಇಳಿಯುವ ಅಳಿಯಸಂತಾನದ ಮನೆಗಳಲ್ಲಿ, ಹೊಸ ವಾರಸು ಕಾನೂನು ಬಂದ ಮೇಲೆ ಪಾಲು ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ಮನೆಮನೆಗೆ ಹೋಗಿ ಕೇಳುವುದು. ಅದಕ್ಕಾಗಿ ತಮ್ಮಲ್ಲಿ ಆರು ತಿಂಗಳು ಸಂಶೋಧನಾ ವಿಧಾನದ ಪಾಠ ಕೇಳಿ ಬಂದಳು. ಚೀಟಿಯನ್ನು ಯಾವ ಅಳತೆಗೆ ಕತ್ತರಿಸಬೇಕು, ತೀರ್ಪಿನ ಹೆಸರಿನ ಕೆಳಗೆ ಗೆರೆ ಎಲ್ಲಿ ಎಳೆಯಬೇಕು, ಅಡಿಟಿಪ್ಪಣಿಯಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕು, ಎಲ್ಲ ಕಲಿತಿದ್ದಳು. ಹನ್ನೆರಡು ಪ್ರಶ್ನೆಗಳ ಅಚ್ಚಿನ ಹಾಳೆಗಳನ್ನೂ ತಾವೇ ಕೊಟ್ಟು ಕಳುಹಿಸಿದಿರಿ.

ಲಾಯರು ಓದಿದ ಹೆಣ್ಣುಮಗಳು ಅಚ್ಚಿನ ಕಾಗದ ಹಿಡಿದು ಆಸ್ತಿಯ ವಿಷಯ ಕೇಳಲು ಬರುತ್ತಾಳೆ ಎಂದರೆ ನಮ್ಮ ಕಡೆ ಏನರ್ಥ? ಸಂಶೋಧನೆ ಎಂದೇ? ಅವಳು ಹೊರಡುವ ಹಿಂದಿನ ವಾರ ಪುಂಜಾಲಕಟ್ಟೆಯ ಯಾಕೂಬ್ ಸಾಹೇಬರ ಹೋಟೆಲಿನಲ್ಲಿ, ಅವಳ ಪಟ್ಟಿಯಲ್ಲಿದ್ದ ಒಂದು ಮನೆಯ ಯಜಮಾನ ಹುಕ್ರಪ್ಪ ನನ್ನನ್ನು ಹಿಡಿದು ನಿಲ್ಲಿಸಿದ. (ಆಡಿದ್ದು ತುಳುವಿನಲ್ಲಿ, ತಮಗಾಗಿ ಕನ್ನಡ ಮಾಡಿದ್ದೇನೆ. ಸೊಸೆ ಎಂದರೆ ಇಲ್ಲಿ ತಂಗಿಯ ಮಗಳು.)

“ಧರ್ಣಪ್ಪಣ್ಣ, ನಿಮ್ಮ ಸೊಸೆ ನಮ್ಮಲ್ಲಿಗೂ ಬರ್ತಾಳಂತೆ. ಎಂಥ ಹೇಳುದು ನಾನು?”

“ಇದ್ದದ್ದು ಹೇಳು ಮಾರಾಯ.”

“ಇದ್ದದ್ದು ಹೇಳಿದ್ರೆ ಕೇಸು ಆಗ್ಲಿಕ್ಕಿಲ್ವಾ?”

ಯಾಕೂಬ್ ಸಾಹೇಬರು ಚಹಾ ಸೋಸುತ್ತ ನಕ್ಕರು: “ಧರ್ಣಪ್ಪಣ್ಣ ಇದ್ದದ್ದು ಹೇಳು ಅಂದದ್ದು ನಾನು ಇವತ್ತೇ ಕೇಳುದು!”

ಆ ನಗು ನನ್ನನ್ನು ಚುಚ್ಚಿತು. ಸೊಸೆಯ ಮೊದಲ ದೊಡ್ಡ ಕೆಲಸ, ಊರಿನ ಗಂಡಸರು ಅವಳೆದುರು ತಡವರಿಸಿ ಅವಳ ಹೆಸರು ಕೆಡಿಸಬಾರದು ಎಂದುಕೊಂಡೆ. ಅವಳ ಹಾಳೆಯ ಪ್ರಶ್ನೆಗಳನ್ನು ನೋಡಿಕೊಂಡು, ಬಸ್ಸು ಹಿಡಿದು ಅವಳ ಪಟ್ಟಿಯ ಮನೆಮನೆಗೆ ಹೋಗಿ ಯಜಮಾನರನ್ನು ಕೂರಿಸಿಕೊಂಡು ಕಲಿಸಿದೆ. ಅದರಲ್ಲಿಯೂ ಒಂಬತ್ತನೇ ಪ್ರಶ್ನೆ: ‘ಪಾಲುಪಟ್ಟಿಗೆ ರುಜು ಹಾಕುವ ಮೊದಲು ಹೆಂಗಸರಿಗೆ ಅದರ ಒಕ್ಕಣೆ ತಿಳಿದಿತ್ತೇ?’ ಅದಕ್ಕೆ ನಾನು ಕಟ್ಟಿಕೊಟ್ಟ ಉತ್ತರ: ‘ಸರ್ವರ ಸಮಕ್ಷಮ ಓದಿ ಹೇಳಿ, ಅರ್ಥವಾದ ಮೇಲೆ, ಯಾವ ಒತ್ತಾಯವೂ ಇಲ್ಲದೆ ಸಂತೋಷದಿಂದ ರುಜು ಹಾಕಿರುತ್ತಾರೆ.’ ಯಾವ ಕೋರ್ಟಿನಲ್ಲಿಯೂ ಅಲುಗಾಡದ ವಾಕ್ಯ. ಹುಕ್ರಪ್ಪನಂತೂ ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದನೆಂದರೆ, ನೀಲಾವತಿ ಮೊದಲು ಅವನ ಹೆಸರು ಕೇಳಿದಾಗಲೇ, ‘ಸರ್ವರ ಸಮಕ್ಷಮ ಓದಿ ಹೇಳಿ’ ಎಂದು ಶುರು ಮಾಡಿದನಂತೆ. ಹೆದರಿದ್ದಾನೆ ಪಾಪ ಎಂದುಕೊಂಡು ಅವಳು ನೀರು ಕುಡಿಸಿದಳಂತೆ.

ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕೆಂದು ತಾವು ಕಲಿಸಿದ್ದಿರಿ, ಅವಳು ಹಾಗೆಯೇ ಬರೆದುಕೊಂಡಳು. ನಲವತ್ತೆರಡು ಹಾಳೆಗಳಲ್ಲಿ ಅಕ್ಷರ ತಪ್ಪದೆ ಒಂದೇ ವಾಕ್ಯ ಕಂಡಾಗ ತಮಗೆ ಅನುಮಾನ ಬಂದದ್ದು ಸಹಜ. ಅವಳು ಕೋಣೆಯಲ್ಲಿ ಕುಳಿತು ತಾನೇ ತುಂಬಿದ್ದಾಳೆ ಎಂದು ತೀರ್ಮಾನಿಸಿದಿರಿ. ಆದರೆ ಮಾನ್ಯರೇ, ನಲವತ್ತೆರಡರಲ್ಲಿ ಒಂದು ಮನೆಗಾದರೂ ತಾವು ಯಾರನ್ನಾದರೂ ಕಳುಹಿಸಿದಿರಾ? ಮುನ್ಸೀಫ್ ಕೋರ್ಟಿನಲ್ಲಿ ಮಾವಿನಮರದ ಕೊಂಬೆಯ ವ್ಯಾಜ್ಯವಾದರೂ ಅಮೀನ ಬಂದು ಮರ ನೋಡಿ ಹೋಗುತ್ತಾನೆ. ಮೂರು ವರ್ಷದ ದುಡಿಮೆಯನ್ನು ತೆಗೆದುಹಾಕಲು ತಮಗೆ ಕುರ್ಚಿಯಿಂದ ಏಳಬೇಕೆಂದೂ ಅನಿಸಲಿಲ್ಲವೇ?

ರದ್ದಿನ ಕಾಗದ ಬಂದ ದಿನ ಅವಳು ಹಾಳೆಗಳನ್ನು ನಮ್ಮ ಚಾವಡಿಯಲ್ಲಿ ಹರಡಿದಳು.

“ಮಾವ, ಒಂಬತ್ತನೆಯದು ಓದಿ. ಇದು ಯಾರ ಮಾತು?”

ನಾನು ಓದಬೇಕಾಗಿರಲಿಲ್ಲ. “ಗಟ್ಟಿ ಮಾತು ಮಗಾ. ಯಾರೂ ಒಡೆಯಲಿಕ್ಕೆ ಆಗುದಿಲ್ಲ” ಎಂದೆ.

“ನಾನು ಅವರನ್ನು ಕೇಳ್ಲಿಕ್ಕೆ ಹೋದದ್ದು ಮಾವ. ನಲವತ್ತೆರಡು ಮನೆಯಲ್ಲಿಯೂ ನನಗೆ ಸಿಕ್ಕಿದ್ದು ನೀವು.”

ಮಾತು ಕೇಳಿ ಒಳಗಿನಿಂದ ಅವಳ ತಾಯಿ, ನನ್ನ ತಂಗಿ ಪೂವಮ್ಮ, ಕೈ ಒರಸಿಕೊಳ್ಳುತ್ತ ಬಂದು ಕೇಳಿದಳು: “ನಮ್ಮ ಮನೆಯದ್ದೂ ಉಂಟಾ ಇದರಲ್ಲಿ?”

“ಒಂದನೇ ನಂಬರು ನಮ್ಮದೇ ಅಮ್ಮ. ಮಾವ ಹೇಳಿದ್ದು.”

“ನನ್ನನ್ನು ಯಾಕೆ ಕೇಳ್ಲಿಲ್ಲ?”

ನೀಲಾವತಿ ಅಚ್ಚಿನ ಹಾಳೆಯ ತಲೆಯನ್ನು ತೋರಿಸಿದಳು. ಅಲ್ಲಿ ತಮ್ಮ ವಿಭಾಗದ ಸೂಚನೆ ಇತ್ತು: ‘ಕುಟುಂಬದ ಮುಖ್ಯಸ್ಥರನ್ನೇ ಪ್ರಶ್ನಿಸತಕ್ಕದ್ದು.’

ಇನ್ನು ಹೇಳಿ, ವಿಧಾನದ ಅರಿವಿಲ್ಲದವರು ಯಾರು? ಆಸ್ತಿ ಬರುವುದು ತಾಯಿಯಿಂದ ಮಗಳಿಗೆ. ಅದರ ಬಗ್ಗೆ ಮಾತನಾಡುವ ಹಕ್ಕು ಮಾತ್ರ ಅಣ್ಣನಿಗೆ. ನನ್ನಂಥವರು ಇದನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದೇವೆ, ಒಪ್ಪುತ್ತೇನೆ. ತಾವು ಅದನ್ನೇ ಅಚ್ಚು ಹಾಕಿಸಿ ವಿಜ್ಞಾನ ಎಂದು ಕಲಿಸಿದಿರಿ. ನಲವತ್ತೆರಡು ಮನೆಗಳಲ್ಲಿ ನಾನು ಒಬ್ಬ ಹೆಂಗಸಿಗೂ ಪಾಠ ಹೇಳಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಅವರನ್ನು ಕೇಳಬೇಡಿ ಎಂದು ತಮ್ಮ ಕಾಗದವೇ ಹೇಳಿತ್ತು.

ಹೇಳಿ ಮುಗಿಸಬೇಕಾದ್ದು ಒಂದು ಉಳಿದಿದೆ. ಆ ದಿನ ಪೂವಮ್ಮ ಹಾಳೆಯ ಮುಂದೆ ಕುಳಿತು ಮಗಳಿಗೆ ಹೇಳಿದ್ದು ಇಷ್ಟು: “ಪಾಲುಪಟ್ಟಿಯಲ್ಲಿ ಅಣ್ಣ ಬೆರಳು ಇಟ್ಟು ತೋರಿಸಿದ ಜಾಗೆಯಲ್ಲಿ ನಾನು ಹೆಸರು ಬರೆದೆ. ಓದಿ ಹೇಳಿ ಅಂತ ಕೇಳಿದೆ. ಬಸ್ಸಿಗೆ ಹೊತ್ತಾಯ್ತು ಅಂದ್ರು.” ನಿಜ, ಅಂದದ್ದು ನಾನೇ. ಸೊಸೆಯ ಹೆಸರು ಉಳಿಸಲು ಊರಿಗೆಲ್ಲ ಕಲಿಸಿದೆ ಎಂದು ಮೇಲೆ ಬರೆದೆನಲ್ಲ, ಆ ವಾಕ್ಯದ ಅಗತ್ಯ ಎಲ್ಲರಿಗಿಂತ ಹೆಚ್ಚು ಇದ್ದದ್ದು ನನಗೆ.

ಆದ್ದರಿಂದ ನನ್ನ ಬೇಡಿಕೆ. ನೀಲಾವತಿಯ ಮೇಲಿನ ‘ಕಲ್ಪಿತ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅವಳ ನೋಂದಣಿಯನ್ನು ಊರ್ಜಿತಗೊಳಿಸಿ ಇನ್ನೊಂದು ವರ್ಷ ಕೊಡಿ. ಹಾಳೆಯ ತಲೆಯ ಮೇಲಿನ ಆ ಸೂಚನೆಯನ್ನು ಹೊಡೆದುಹಾಕಿ. ನನ್ನ ತಪ್ಪೊಪ್ಪಿಗೆಗೆ ಪ್ರಮಾಣಪತ್ರ ಬೇಕಿದ್ದರೆ ಕಳುಹಿಸುತ್ತೇನೆ. ಖುದ್ದಾಗಿ ಬರಬೇಕಿದ್ದರೆ ಬರುತ್ತೇನೆ. ಅವಳು ಎರಡನೇ ಸಲ ಮನೆಮನೆಗೆ ಹೋಗುವಷ್ಟು ದಿನ ನಾನು ಮೂಡಬಿದ್ರೆಯಲ್ಲಿ ಹೆಂಡತಿಯ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇರುತ್ತೇನೆ. ನನ್ನನ್ನು ಬಲ್ಲವರಿಗೆ ಇದು ಎಂಥ ಶಿಕ್ಷೆ ಎಂದು ಗೊತ್ತು.

ಅಲ್ಲಿಯವರೆಗೆ ಕಾಯದೆ, ಒಂದನೇ ನಂಬರಿನ ಮನೆಯ ಒಂಬತ್ತನೇ ಉತ್ತರವನ್ನು ಮಾತ್ರ ಈಗಲೇ ತಿದ್ದಿಕೊಳ್ಳಿ: ತಿಳಿದಿರಲಿಲ್ಲ. ಕೇಳಿದ್ದಳು. ನಾನು ಓದಿ ಹೇಳಲಿಲ್ಲ.

ಇಂತಿ, ಇದುವರೆಗೆ ಎಲ್ಲ ಕಾಗದಗಳಲ್ಲಿ ‘ಯಜಮಾನ’ ಎಂದು ರುಜು ಹಾಕಿದ,
ಪೂವಮ್ಮನ ಅಣ್ಣ ಧರ್ಣಪ್ಪ
ಸಿದ್ಧಕಟ್ಟೆ, ೧೯೬೪